ಬಸ್ಸಿನಲ್ಲಿ ದಿನವೂ ಓಡಾಡುವವರ ಕೈಯಲ್ಲಿ ಪಾರ್ಸೆಲ್: ಶಿವಮೊಗ್ಗ–ಸಾಗರ ದಾರಿಯ ಅನುಭವ

ನಮ್ಮ ಕಡೆ ಬಸ್ಸಿಗೆ ಸಾಮಾನು ಹಾಕಿ ಕಳಿಸುವುದು ಹೊಸದಲ್ಲ. ಅದೇ ಕೆಲಸವನ್ನು ದಿನವೂ ಓಡಾಡುವ ಪ್ರಯಾಣಿಕರಿಂದ ಮಾಡಿಸಲು ಹೊರಟರೆ ಮೊದಲು ಅಡ್ಡ ಬರುವುದು ದಾಕ್ಷಿಣ್ಯ. ‘ಪಾರ್ಸೆಲ್ ತಗೊಂಡು ಹೋಗ್ತೀರಾ?’ ಅಂದರೆ ಎಲ್ಲರೂ ‘ಅದಕ್ಕೇನಂತೆ, ಕೊಡಿ’ ಅನ್ನುತ್ತಾರೆ. ಅದನ್ನು ನಂಬಿ ಲೆಕ್ಕ ಹಾಕಬಾರದು. ‘ಮೇಷ್ಟ್ರೇ, ಇವತ್ತು ಐದೂವರೆ ಬಸ್ಸಿಗೇ ಹೋಗೋದಲ್ವಾ? ಆನಂದಪುರಕ್ಕೆ ಒಂದೂವರೆ ಕೆಜಿದು ಒಂದಿದೆ, ಆಗುತ್ತಾ?’ ಎಂದು ಕೇಳಬೇಕು. ಆಗ ಸಿಗುವ ಉತ್ತರವೇ ನಿಜ.

ಜನ ಒಪ್ಪುವುದು ದುಡ್ಡಿಗಿಂತ ದಾರಿ ನೋಡಿಕೊಂಡು. ಬಸ್ಸಿಳಿದ ಮೇಲೆ ಐದು ನಿಮಿಷಕ್ಕಿಂತ ಹೆಚ್ಚು ಸುತ್ತಿಸಿದರೆ ಮರುದಿನ ಅವರು ಸಿಗುವುದಿಲ್ಲ. 2013ರಲ್ಲಿ ಕೊರಿಯರ್ ಕಂಪನಿ ಡಿಎಚ್‌ಎಲ್ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ನಡೆಸಿದ ‘ಮೈವೇಸ್’ ಪ್ರಯೋಗದಲ್ಲಿ ಊರಿನ ಜನರೇ ಪಾರ್ಸೆಲ್ ಪಡೆದು, ತರಿಸಿಕೊಂಡವರು ಹೇಳಿದ ಜಾಗಕ್ಕೆ ಮುಟ್ಟಿಸುತ್ತಿದ್ದರು. ಒಂಟಿ ಮನೆಗಳು ಡಾಂಬರು ರಸ್ತೆಯಿಂದ ಎರಡು ಮೂರು ಕಿಲೋಮೀಟರ್ ಒಳಗಿರುವ ಮಲೆನಾಡಿನಲ್ಲಿ ಅದು ನಡೆಯದು. ಆಯನೂರು, ಕುಂಸಿ, ಆನಂದಪುರ, ಎಲ್ಲಾದರೂ ಸರಿ, ಸ್ಟಾಪಿನ ಎದುರಿಗೇ ಇರುವ, ರಾತ್ರಿ ಎಂಟರವರೆಗೆ ತೆರೆದಿರುವ ಮೆಡಿಕಲ್ ಶಾಪನ್ನೋ ಬೇಕರಿಯನ್ನೋ ಗೊತ್ತು ಮಾಡಿಕೊಳ್ಳಿ. ತರಿಸಿಕೊಂಡವರು ಅಲ್ಲಿಗೇ ಬಂದು ಒಯ್ಯಲಿ. ಸ್ಟಾಪಿನಲ್ಲಿ ಕೈಯಿಂದ ಕೈಗೆ ಕೊಡಿಸಲು ಹೋದರೆ ಬರಬೇಕಾದವರು ಬರುವುದಿಲ್ಲ, ಪಾರ್ಸೆಲ್ ಒಯ್ದವರ ಮನೆ ಸೇರುತ್ತದೆ.

ಒಯ್ದವರಿಗೆ 20 ರೂಪಾಯಿ, ಅಂಗಡಿಗೆ 5. ಆ ಸಂಜೆಯೇ ಯುಪಿಐನಲ್ಲಿ ಹಾಕಿಬಿಡಿ, ತಿಂಗಳ ಲೆಕ್ಕ ಬೇಡ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತ. ‘ಬಸ್ ಚಾರ್ಜ್ ಕೊಡ್ತೀವಿ’ ಎಂಬ ಮಾತಿಗೆ ಅವರಲ್ಲಿ ಬೆಲೆಯಿಲ್ಲ. ಪಾರ್ಸೆಲ್‌ಗೆ ಇಷ್ಟು ಎಂದೇ ಹೇಳಿ.

ತೂಕ ಎರಡು ಕೆಜಿ ದಾಟಬಾರದು, ಬಸ್ಸಿನಲ್ಲಿ ನಿಂತೇ ಹೋಗುವವರ ಬ್ಯಾಗಿನೊಳಗೆ ಕೂರಬೇಕು. ಕನ್ನಡಕ, ಮಾತ್ರೆ, ಅಡಿಕೆ ಸುಲಿಯುವ ಮೆಷಿನ್ನಿನ ಬೆಲ್ಟು, ಕಳೆ ಕೊಚ್ಚುವ ಮೆಷಿನ್ನಿನ ಕಾರ್ಬುರೇಟರ್ ಇಂಥವು ಸಲೀಸು. ದುಡ್ಡು, ಚಿನ್ನ, ಮದ್ಯ, ಕೀಟನಾಶಕ ಬೇಡವೇ ಬೇಡ. ಒಳಗೇನಿದೆ ಎಂದು ಗೊತ್ತಿಲ್ಲದ ಗಂಟು ಮುಟ್ಟಲು ಜನ ಹೆದರುತ್ತಾರೆ, ಹೆದರುವುದು ಸರಿಯೇ. ಟೇಪ್ ಸುತ್ತುವ ಮೊದಲು ಒಳಗಿನದರ ಫೋಟೋ ತೆಗೆದು ಒಯ್ಯುವವರಿಗೆ ಕಳಿಸಿ.

ಮಳೆಗಾಲದಲ್ಲಿ ಪೇಪರ್ ಸುತ್ತಿದ ಪ್ಯಾಕು ಕುಂಸಿ ತಲುಪುವಷ್ಟರಲ್ಲಿ ಮೆತ್ತಗಾಗುತ್ತದೆ, ಒದ್ದೆ ಮೈಗೆ ಟೇಪೂ ಹಿಡಿಯದು. ಎರಡು ದಪ್ಪ ಪ್ಲಾಸ್ಟಿಕ್ ಕವರ್ ಹಾಕಿ, ಒಳಗಿನದರ ಬಾಯಿಯನ್ನು ಸೀಲಿಂಗ್ ಮೆಷಿನ್ನಿನಲ್ಲಿ ಅಂಟಿಸಿ. ವಿಳಾಸದ ಚೀಟಿ ಎರಡು ಕವರುಗಳ ನಡುವೆ ಇರಲಿ. ಓಟಿಪಿ ನೆಚ್ಚಿಕೊಳ್ಳಬೇಡಿ, ಕರೆಂಟು ಹೋದರೆ ಟವರೂ ಹೋಗುತ್ತದೆ. ನಾಲ್ಕು ಅಂಕಿಯ ನಂಬರನ್ನು ಪಾರ್ಸೆಲ್ ಮೇಲೆ ಬರೆಯದೆ ಅಂಗಡಿಯವರಿಗೂ ತರಿಸಿಕೊಂಡವರಿಗೂ ಮಧ್ಯಾಹ್ನವೇ ತಿಳಿಸಿಡಿ, ಆ ನಂಬರು ಹೇಳಿದವರಿಗೆ ಅಂಗಡಿಯವರು ಕೊಡಲಿ.

ಶನಿವಾರದ್ದೇ ಬೇರೆ ಲೆಕ್ಕ. ಶಾಲೆ ಅರ್ಧ ದಿನ. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕೂ ಇಲ್ಲ, ಸರ್ಕಾರಿ ಕಚೇರಿಯೂ ಇಲ್ಲ, ಒಯ್ಯುವವರೇ ಇರುವುದಿಲ್ಲ. ಆ ವಾರದ ಪಾರ್ಸೆಲ್‌ಗಳನ್ನು ಶುಕ್ರವಾರ ನಾಲ್ಕು ಗಂಟೆಯೊಳಗೆ ತರಿಸಿಕೊಂಡು ಸಂಜೆಯ ಬಸ್ಸಿಗೇ ಮುಗಿಸಬೇಕು.