ಮೊಟ್ಟೆ ಬಾಕಿ, ಬೀಗದ ಕೈ, ಒಟಿಪಿ: ಅಂಗನವಾಡಿ ಮೇಲ್ವಿಚಾರಕಿಯಾಗಿ ನನ್ನ ಅನುಭವ

ಮೇಲ್ವಿಚಾರಕಿಯಾದ ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ಒಂದು ಊರಲ್ಲಿ ನಾಲ್ಕು ಜನ ತಾಯಂದಿರು ನನ್ನ ಸ್ಕೂಟಿ ಅಡ್ಡಹಾಕಿ, "ಮೇಡಂ, ಎರಡು ವಾರದಿಂದ ಮಕ್ಕಳಿಗೆ ಮೊಟ್ಟೆ ಇಲ್ಲ, ಮಿಸ್ಸು ಮನೆಗೆ ಹೊತ್ಕೊಂಡು ಹೋಗ್ತಾರೆ" ಅಂದರು. ನಾನು ಅಲ್ಲೇ ನಿಂತು ಕಾರ್ಯಕರ್ತೆಗೆ ಫೋನ್ ಮಾಡಿದೆ. ಅದೂ ಸ್ಪೀಕರ್ ಹಾಕಿ. ಎಲ್ಲರೂ ಕೇಳಲಿ ಅಂತ. ಚೆನ್ನಾಗಿ ಬೈದೆ. ಆ ಕಡೆಯಿಂದ ಒಂದೇ ಮಾತು ಬಂತು, "ಸರಿ ಮೇಡಂ". ತಾಯಂದಿರಿಗೆ ಖುಷಿಯಾಯಿತು. ನನಗೂ ಏನೋ ಸಾಧಿಸಿದ ಹಾಗೆ ಆಯಿತು ಅನ್ನಿ.

ಮೂರು ದಿನ ಬಿಟ್ಟು ಅದೇ ಊರಿನ ಅಂಗಡಿಯಲ್ಲಿ ನೀರಿನ ಬಾಟಲಿ ತಗೊಳ್ಳುವಾಗ ಅಂಗಡಿಯವರು ಸುಮ್ನೆ ಒಂದು ಉದ್ದನೆಯ ಲೆಕ್ಕದ ಪುಸ್ತಕ ನನ್ನ ಮುಂದೆ ತಿರುಗಿಸಿದರು. "ಅಂಗನವಾಡಿ ಮಿಸ್ಸು" ಅಂತ ಒಂದು ಹಾಳೆ. ಕೆಳಗೆ ಸಾಲಾಗಿ ಮೊಟ್ಟೆ ಟ್ರೇ, ಮೊಟ್ಟೆ ಟ್ರೇ, ಪಕ್ಕದಲ್ಲೆಲ್ಲ ಬಾಕಿ. ಲೆಕ್ಕ ಹಾಕಿ ನೋಡಿ. ಆ ಕೇಂದ್ರದಲ್ಲಿ ಮೂರರಿಂದ ಆರು ವರ್ಷದ ಮಕ್ಕಳು 28. ವಾರಕ್ಕೆ ಎರಡು ಮೊಟ್ಟೆ ಅಂದರೆ ತಿಂಗಳಿಗೆ 224. ಮಾತೃಪೂರ್ಣ ಯೋಜನೆಯಲ್ಲಿ ಕೇಂದ್ರಕ್ಕೆ ಊಟಕ್ಕೆ ಬರುವ ಗರ್ಭಿಣಿ, ಬಾಣಂತಿಯರು 9 ಜನ, ದಿನಕ್ಕೊಂದರಂತೆ 25 ದಿನಕ್ಕೆ 225. ಹೆಚ್ಚುಕಡಿಮೆ 15 ಟ್ರೇ. ಆಗ ಮೊಟ್ಟೆ ದುಡ್ಡು ಬಾಲವಿಕಾಸ ಸಮಿತಿ, ಅಂದರೆ ಕೇಂದ್ರದ ಉಸ್ತುವಾರಿಗೆ ಇರುವ ಊರವರ ಸಮಿತಿಯ ಖಾತೆಗೆ ಬರುತ್ತಿತ್ತು, ಅದೂ ತಡವಾಗಿ. ಪೇಟೆ ದರ ಏರಿದರೆ ಆ ವ್ಯತ್ಯಾಸ ಯಾರ ತಲೆ ಮೇಲೆ? ಕಾರ್ಯಕರ್ತೆಯ ತಲೆ ಮೇಲೆ. ಆಕೆ ಎರಡು ತಿಂಗಳು ಸಾಲ ಹೇಳಿ ತಂದಿದ್ದಳು. ಮೂರನೇ ತಿಂಗಳು ಅಂಗಡಿಯವರು ಕೊಡಲ್ಲ ಅಂದರು. ಇದನ್ನ ಊರವರ ಮುಂದೆ ಹೇಳೋಕೆ ಅವಳಿಗೆ ನಾಚಿಕೆ. ನಾನೋ, ಸ್ಪೀಕರ್ ಹಾಕಿ ಮರ್ಯಾದೆ ತೆಗೆದಿದ್ದೆ.

ಮುಂದಿನ ವಾರ ಬಾಲವಿಕಾಸ ಸಮಿತಿ ಸಭೆ ಕರೆದೆ. ದೂರು ಹೇಳಿದ ತಾಯಂದಿರನ್ನೂ ಕೂರಿಸಿದೆ. ಪಾಸ್‌ಬುಕ್, ಅಂಗಡಿಯ ಪುಸ್ತಕ ಎರಡನ್ನೂ ಚಾಪೆ ಮೇಲೆ ಬಿಚ್ಚಿಟ್ಟು, ಫೋನಲ್ಲಿ ಬೈದದ್ದು ನನ್ನ ತಪ್ಪು ಅಂತ ಎಲ್ಲರೆದುರು ಹೇಳಿದೆ. ಸುಲಭ ಇರಲಿಲ್ಲ. ತಾಯಂದಿರಲ್ಲಿ ಒಬ್ಬಳು, "ಮೊದಲೇ ಹೇಳಿದ್ರೆ ನಾವೇ ಅಂಗಡಿಯವರ ಹತ್ರ ಮಾತಾಡ್ತಿದ್ವಲ್ಲ ಮಿಸ್" ಅಂದಳು. ಬಿಲ್ಲು ಪಾಸಾಗೋವರೆಗೆ ಕೇಂದ್ರದ ಗೋಡೆಗೆ ಒಂದು ಹಾಳೆ ಅಂಟಿಸೋದು ಅಂತಾಯಿತು: ಎಷ್ಟು ಮೊಟ್ಟೆ ಬಂತು, ಎಷ್ಟು ಕೊಟ್ಟೆವು, ಎಷ್ಟು ಬಾಕಿ. ಆ ಊರಿಂದ ಮೊಟ್ಟೆ ದೂರು ಮತ್ತೆ ಬಂದಿಲ್ಲ. ದುಡ್ಡು ತಡವಾಗೋದು ನಿಂತಿತಾ ಅಂತ ಮಾತ್ರ ಕೇಳಬೇಡಿ.

ಅಲ್ಲಿಂದ ನನ್ನ ರೂಢಿ ಬದಲಾಯಿತು. ದೂರು ಕೇಳಿದ ಕೂಡಲೇ ಯಾರಿಗೂ ಫೋನ್ ಮಾಡಲ್ಲ. ಹೋಗಿ ಅಡುಗೆಮನೆಯಲ್ಲಿ ಕೂರ್ತೀನಿ. ಬೆಳಿಗ್ಗೆ 11 ಗಂಟೆ ಒಳ್ಳೆ ಹೊತ್ತು, ಕುಕ್ಕರ್ ಕೂಗುವಾಗ, ಸೊಪ್ಪು ಬಿಡಿಸುವಾಗ ಮಾತು ತಾನಾಗೇ ಬರುತ್ತೆ. ರಿಜಿಸ್ಟರ್ ಹಿಡಿದು ಕುರ್ಚಿ ಮೇಲೆ ಕೂತರೆ ಯಾರೂ ಬಾಯಿ ಬಿಡಲ್ಲ.

ನಾನು ನೋಡಿಕೊಳ್ಳುವ ವೃತ್ತದಲ್ಲಿ 24 ಕೇಂದ್ರ ಇವೆ. ನಿಜ ಹೇಳಬೇಕಂದ್ರೆ ಊರವರ ದೂರಿಗಿಂತ ಕಾರ್ಯಕರ್ತೆ, ಸಹಾಯಕಿಯರ ಒಳಜಗಳವೇ ಜಾಸ್ತಿ. ಒಂದು ಕಡೆ ಇಬ್ಬರೂ ಆರು ತಿಂಗಳು ಮಾತು ಬಿಟ್ಟಿದ್ದರು. ಮಕ್ಕಳ ಕೈಲಿ ಹೇಳಿ ಕಳಿಸೋರು, "ಆಂಟಿಗೆ ಹೇಳು, ಹಾಲು ಕಾಯಿಸಬೇಕಂತೆ". ಕಾರಣ ಏನು ಗೊತ್ತಾ? ಬೀಗದ ಕೈ. ದಾಸ್ತಾನು ಬೀರುವಿನ ಕೈ ಕಾರ್ಯಕರ್ತೆ ಸೆರಗಿಗೆ ಕಟ್ಟಿಕೊಂಡು ಹೋಗ್ತಿದ್ದಳು. ಅವಳು ಮೀಟಿಂಗಿಗೆ ಹೋದ ದಿನ ಸಹಾಯಕಿಗೆ ಅಕ್ಕಿ, ಬೇಳೆ ಸಿಗದೆ ಮಕ್ಕಳು ಹಸಿದು ಕೂರೋರು, ತಾಯಂದಿರು ಬಂದು ಸಹಾಯಕಿಗೆ ಬೈಯೋರು. "ನನ್ನ ಕಳ್ಳಿ ಅಂದ್ಕೊಂಡಿದಾಳೆ ಮೇಡಂ" ಅಂತ ಆಕೆ ಅತ್ತಳು. ಕಾರ್ಯಕರ್ತೆಗೂ ಕೆಟ್ಟ ಮನಸ್ಸಿರಲಿಲ್ಲ, ಹಿಂದೆ ಒಮ್ಮೆ ದಾಸ್ತಾನು ತಾಳೆಯಾಗದೆ ನೋಟಿಸ್ ತಿಂದವಳು. ಹಿಂದಿನ ದಿನವೇ ಮರುದಿನದ ಸಾಮಾನು ತೂಗಿ ಬೇರೆ ಡಬ್ಬಿಗೆ ಹಾಕಿ, ಇಬ್ಬರೂ ಸಹಿ ಹಾಕಿ ಇಡಿ ಅಂದೆ. ಈಗ ಇಬ್ಬರೂ ಮಾತಾಡ್ತಾರೆ. ಜಗಳಾನೂ ಆಡ್ತಾರೆ, ಆದರೆ ನೇರವಾಗಿ.

ಹೀಗೆ ಎಲ್ಲದರಲ್ಲೂ ಎರಡೂ ಕಡೆ ಕೇಳಿ ನಡುವಿನ ದಾರಿ ಹುಡುಕಬೇಕು ಅಂತಲ್ಲ. ಒಂದು ಊರಿಗೆ ಹೊಸದಾಗಿ ಬಂದ ಸಹಾಯಕಿ ದಲಿತ ಹೆಣ್ಣುಮಗಳು. ಎರಡನೇ ವಾರಕ್ಕೆ ಹಾಜರಾತಿ 22ರಿಂದ 9ಕ್ಕೆ ಇಳಿಯಿತು. ಯಾರೂ ಬಾಯಿಬಿಟ್ಟು ಹೇಳಲ್ಲ. ಒಬ್ಬರ ಮಗುವಿಗೆ ಕೆಮ್ಮು, ಇನ್ನೊಬ್ಬರದು ಅಜ್ಜಿ ಮನೆಗೆ ಹೋಗಿದೆ. ಕೊನೆಗೆ ಊರಿನ ಹಿರಿಯರೊಬ್ಬರು, "ಆಕೆ ಗುಡಿಸಿ ಒರೆಸಲಿ ಮೇಡಂ, ಅಡುಗೆ ಮಿಸ್ಸೇ ಮಾಡಲಿ, ಎಲ್ಲರಿಗೂ ನೆಮ್ಮದಿ" ಅಂತ ತುಂಬಾ ಮೆದುವಾಗಿ ಹೇಳಿದರು. ಆಗಲ್ಲ ಅಂದೆ. ಇದು ಅಪರಾಧ, ಕೇಸಾಗುತ್ತೆ ಅಂತಲೂ ಹೇಳಿದೆ. ಒಂದು ವಾರ ಪ್ರತಿದಿನ ಹೋಗಿ ಆಕೆ ಮಾಡಿದ್ದನ್ನೇ ಮಕ್ಕಳ ಜೊತೆ ಕೂತು ಉಂಡೆ. ಎರಡು ದಿನ ಪಂಚಾಯಿತಿ ಅಧ್ಯಕ್ಷರೂ ಬಂದು ಕೂತರು. ಹೆಚ್ಚಿನ ಮಕ್ಕಳು ವಾಪಸ್ ಬಂದರು, ಮೂರು ಮಕ್ಕಳು ಬರಲೇ ಇಲ್ಲ, ವ್ಯಾನ್ ಹತ್ತಿ ಪೇಟೆಯ ಕಾನ್ವೆಂಟಿಗೆ ಹೋದರು. ಹೋಗಲಿ. ನನಗೆ ಈಗಲೂ ಚುಚ್ಚೋದು ಆ ಮೊದಲ ಎರಡು ವಾರ. ಆ ಸಹಾಯಕಿ ಎಲ್ಲ ಗೊತ್ತಿದ್ದೂ ದಿನಾ 22 ಮಕ್ಕಳಿಗೆ ಆಗುವಷ್ಟೇ ಅಡುಗೆ ಮಾಡುತ್ತಿದ್ದಳು. ಯಾಕೆ ಅಂತ ಕೇಳಿದ್ದಕ್ಕೆ, "ಬಂದ್ಬಿಟ್ರೆ ಸಾಲ್ದಲ್ಲ" ಅಂದಳು.

ಇತ್ತೀಚಿನದು ಪೋಷಣ್ ಟ್ರ್ಯಾಕರ್ ತಲೆನೋವು, ಅಂದರೆ ಅಂಗನವಾಡಿ ಲೆಕ್ಕ ತುಂಬುವ ಮೊಬೈಲ್ ಆ್ಯಪ್‌ನದ್ದು. 2025ರ ಜುಲೈ 1ರಿಂದ ಮನೆಗೆ ಕೊಡುವ ರೇಷನ್‌ಗೆ ಮುಖ ಗುರುತಿಸೋದು ಕಡ್ಡಾಯವಾಯಿತು. ಅದಕ್ಕೂ ಮೊದಲು ಆಧಾರ್ ಒಟಿಪಿ ಹಾಕಿ ಇಕೆವೈಸಿ, ಅಂದರೆ ಗುರುತು ಖಚಿತ ಮಾಡಬೇಕು. ತಾಯಿ ಎದುರಿಗೇ ನಿಂತಿರ್ತಾಳೆ, ಮಗು ಸೊಂಟದ ಮೇಲೆ. ಒಟಿಪಿ ಹೋಗೋದು ಗಂಡನ ಮೊಬೈಲಿಗೆ. ಗಂಡ ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತಿರ್ತಾನೆ. ಅವನು ಫೋನ್ ಎತ್ತೋ ಹೊತ್ತಿಗೆ ಒಟಿಪಿ ಅವಧಿ ಮುಗಿದಿರುತ್ತೆ, ಎತ್ತಿದರೂ "ಯಾರಿಗೂ ಒಟಿಪಿ ಹೇಳಬೇಡಿ ಅಂತ ಬ್ಯಾಂಕಿನವರು ಹೇಳಿದಾರೆ" ಅಂತಾನೆ. ಅದೂ ಸರಿನೇ ಅಲ್ವಾ! ಕೋಪ ಎಲ್ಲ ಕಾರ್ಯಕರ್ತೆ ಮೇಲೆ. ಒಂದು ಕಡೆ ಫೋನನ್ನೇ ಕಿತ್ತು ಬಿಸಾಡೋಕೆ ಹೋಗಿದ್ದರು.

ವೃತ್ತದ ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರು. ಅರ್ಧ ಗಂಟೆ ಕೂಗಲಿ ಅಂತ ಬಿಟ್ಟೆ. ಆಮೇಲೆ ಒಂದೇ ಪ್ರಶ್ನೆ ಕೇಳಿದೆ: ಗಂಡಸರು ಫೋನ್ ಸಮೇತ ಊರಲ್ಲಿ ಸಿಗೋದು ಯಾವಾಗ? ಗೌರಿ ಹಬ್ಬ ಅಂದಳು ಒಬ್ಬಳು. ಆಗ ಹೆಂಗಸರು ತವರಿಗೆ ಹೋಗಿರ್ತಾರಲ್ಲ ಅಂತ ಉಳಿದವರು ನಕ್ಕರು. ಹಿಂದಿನ ಸಾಲಿನಲ್ಲಿ ಕೂತಿದ್ದ ವಯಸ್ಸಾದ ಕಾರ್ಯಕರ್ತೆ, "ಹಿರಿಯರ ಹಬ್ಬ" ಅಂದಳು. ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಎಡೆ ಇಡೋಕೆ ಎಲ್ಲಿದ್ದರೂ ಮನೆಗೆ ಬರ್ತಾರೆ. ಆ ವರ್ಷ ಅದು ಸೆಪ್ಟೆಂಬರ್ 21, ಭಾನುವಾರ. "ಹಬ್ಬದ ದಿನಾನೂ ನಮಗೆ ಬಿಡುವಿಲ್ವಾ ಮೇಡಂ, ನಮ್ಮ ಮನೇಲಿ ಹಿರಿಯರಿಲ್ವಾ?" ಅಂತ ತಕ್ಷಣ ಬಂತು. ನ್ಯಾಯವಾದ ಮಾತು. ಹಿಂದಿನ ದಿನ ಸಂಜೆ ಎರಡೇ ಗಂಟೆ ಕೂರೋಣ, ನಾನೂ ಮೂರು ಕೇಂದ್ರ ಸುತ್ತುತ್ತೇನೆ, ಹಬ್ಬದ ದಿನ ಯಾರೂ ಬರೋದು ಬೇಡ ಅಂತ ಮಾತಾಯಿತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳಿ ಬಂದರು. ನೆಟ್‌ವರ್ಕ್ ಸಿಗದ ಒಂದೂರಲ್ಲಿ ನೀರಿನ ಟ್ಯಾಂಕ್ ಹತ್ತಿರ ಚಾಪೆ ಹಾಸಿದೆವು.

ನಾನಿದ್ದ ಒಂದು ಕೇಂದ್ರದಲ್ಲಿ 26 ತಾಯಂದಿರಲ್ಲಿ 23 ಮುಗಿಯಿತು. ಇಬ್ಬರ ಆಧಾರ್‌ನಲ್ಲಿ ಹೆಸರು ತಪ್ಪಿತ್ತು, ತಿದ್ದಿಸಿದರು. ಉಳಿದವಳ ಆಧಾರಿಗೆ ಇರೋದು ಬಿಟ್ಟುಹೋದ ಗಂಡನ ನಂಬರು. ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಬೇಕು ಅಂದರೆ ಅವಳ ಹತ್ತಿರ ಸ್ವಂತ ಫೋನೇ ಇಲ್ಲ. ಅವಳ ಮಗುವಿಗೆ ಒಂದೂವರೆ ವರ್ಷ. ಅವಳ ಅರ್ಜಿ ನಾನೇ ಬರೆದು ಮೇಲಕ್ಕೆ ಕಳಿಸಿದ್ದೇನೆ, ಉತ್ತರ ಬಂದಿಲ್ಲ. ಈ ವಾರ ಮತ್ತೆ ಹೋಗಿ ಕೂರಬೇಕು.