ಸಿಗರೇಟು ಬಿಡುವಾಗ ನನ್ನ ಜೇಬಿನಲ್ಲಿದ್ದ ಶುಂಠಿ ಡಬ್ಬಿ

ಸಿಗರೇಟು ಬಿಡಿಸುವ ಮನೆಮದ್ದು ಅಂತ ಒಂದೂ ಇಲ್ಲ. ಆಸೆ ಎದ್ದಾಗ ಬಾಯಿಗೂ ಕೈಗೂ ಕೆಲಸ ಕೊಡುವ ಸಾಮಾನು ಅಡುಗೆಮನೆಯಲ್ಲಿ ಬೇಕಾದಷ್ಟಿದೆ. ನಾನು ಬಿಟ್ಟದ್ದು ಬಹುಪಾಲು ಅದನ್ನೇ ನೆಚ್ಚಿಕೊಂಡು.

ರಕ್ತದಲ್ಲಿರುವ ನಿಕೋಟಿನ್ ಸುಮಾರು 2 ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಆಫೀಸಿನಲ್ಲಿ ಕೂತವನ ಕಾಲು ಪದೇ ಪದೇ ಗೇಟಿನ ಕಡೆ ಎಳೆಯುವುದು ಅದಕ್ಕೇ. ಬಿಟ್ಟ ಮೊದಲ 3 ದಿನ ಕಾಟ ಜಾಸ್ತಿ. ಆದರೆ ಒಂದೊಂದು ಸಲದ ಹಪಾಹಪಿ ಕೆಲವೇ ನಿಮಿಷದ್ದು. ಅಷ್ಟು ಹೊತ್ತು ದಾಟಿಸಿದರೆ ಆಯ್ತು.

ನನ್ನನ್ನು ದಾಟಿಸಿದ್ದು ಶುಂಠಿ. ಹಸಿಶುಂಠಿಯನ್ನು ಕಡ್ಡಿ ಕಡ್ಡಿಯಾಗಿ ಹೆಚ್ಚಿ, ನಿಂಬೆರಸ, ಉಪ್ಪು ಸವರಿ, ಬಿಸಿಲಿಗೆ ಹಾಕುತ್ತಿದ್ದೆ. ಬಾಗಿಸಿದರೆ ಟಕ್ಕಂತ ಮುರಿಯಬೇಕು, ಅಲ್ಲಿವರೆಗೆ ಒಣಗಿಸಬೇಕು. ಒಂದು ಚೂರು ದವಡೆಗಿಟ್ಟುಕೊಂಡರೆ ಮೊದಲು ಉಪ್ಪು, ಆಮೇಲೆ ಹುಳಿ, ಕೊನೆಗೆ ಖಾರ. ಆ ಖಾರ ಗಂಟಲನ್ನು ಕೆರೆಯುತ್ತದಲ್ವಾ, ನನಗೆ ಬೇಕಿದ್ದದ್ದು ಅದೇ. ಏಲಕ್ಕಿಯಲ್ಲಿ ಆ ಏಟಿಲ್ಲ. ಲವಂಗಕ್ಕೆ ನಾಲಿಗೆ ಜೋಮು ಹಿಡಿಯುತ್ತದೆ. ಜೇಷ್ಠಮಧುವಿನ ಕಡ್ಡಿ ಬೆರಳ ಸಂದಿಯಲ್ಲಿ ಸಿಗರೇಟಿನ ಹಾಗೇ ಕೂರುತ್ತದೆ, ನಿಜ. ಆದರೆ ದಿನಾ ಅಗಿಯುತ್ತಿದ್ದರೆ ಬಿಪಿ ಏರಬಹುದು. ಬಿಪಿ ಇರುವವರು ಅದರ ಸಹವಾಸಕ್ಕೆ ಹೋಗಬೇಡಿ.

ಇನ್ನು ಕಾಫಿ. ಸೇದುವವರ ದೇಹ ಕೆಫೀನನ್ನು ಬೇಗ ಕರಗಿಸುತ್ತದೆ, ಕಾರಣ ಹೊಗೆ. ಸೇದುವುದು ನಿಂತ ಮೇಲೆ ಅದೇ ಲೋಟ ಕಾಫಿ ಜಾಸ್ತಿ ಹೊತ್ತು ಮೈಯಲ್ಲೇ ಉಳಿಯುತ್ತದೆ. ಎದೆ ಡವಡವ, ರಾತ್ರಿ ನಿದ್ದೆಯಿಲ್ಲ. ಜನ ಇದನ್ನೂ ಸಿಗರೇಟು ಬಿಟ್ಟದ್ದರ ಲೆಕ್ಕಕ್ಕೇ ಹಾಕುತ್ತಾರೆ. ನಾನು ಬೆಳಿಗ್ಗೆ ಬೈಟು ಕಾಫಿಗೆ ಇಳಿದೆ, ಸಂಜೆಗೆ ಜೀರಿಗೆ ಕಷಾಯ. ಹೇಗೂ ಕಾಫಿ ಲೋಟ ಹಿಡಿದರೆ ಇನ್ನೊಂದು ಕೈ ಸುಮ್ನೆ ಇರುತ್ತಿರಲಿಲ್ಲ!

ಗಿಡಮೂಲಿಕೆ ಬೀಡಿ ಸೇದು ಅಂತ ಹೇಳುವವರು ಸಿಗುತ್ತಾರೆ. ಎಲೆ ಯಾವುದಾದರೇನು, ಸುಟ್ಟರೆ ಟಾರು, ಕಾರ್ಬನ್ ಮಾನಾಕ್ಸೈಡ್ ಬಂದೇ ಬರುತ್ತದೆ. ಬದಲಿಗೆ ಅಡಿಕೆ ಜಗಿಯೋಣ ಅನ್ನಬೇಡಿ, ತಂಬಾಕು ಸೇರಿಸದಿದ್ದರೂ ಅಡಿಕೆ ಕ್ಯಾನ್ಸರ್ ತರುತ್ತದೆ. ಗಿಡದಿಂದ ಬಂದು, ಪರೀಕ್ಷೆಗಳಲ್ಲೂ ಪಾಸಾದ ಮದ್ದು ಅಂದರೆ ಸೈಟಿಸಿನ್. ಬಲ್ಗೇರಿಯಾದಲ್ಲಿ 1960ರ ದಶಕದಿಂದಲೇ ಕೊಡುತ್ತಿದ್ದಾರೆ. ಅದನ್ನು ತೆಗೆಯುವ ಲ್ಯಾಬರ್ನಮ್ ಅನ್ನೋ ಗಿಡದ ಬೀಜ ಹಾಗೇ ತಿಂದರೆ ವಿಷ, ಅದು ಮನೆಯಲ್ಲಿ ಮಾಡುವ ಮದ್ದಲ್ಲ.

ಸಂಜೆ ಗೆಳೆಯರ ಜೊತೆ ನಿಂತಾಗ ಶುಂಠಿ ಸಾಲುತ್ತಿರಲಿಲ್ಲ. ಸಿಗರೇಟು ಪ್ಯಾಕಿನ ಮೇಲೆಯೇ ಇರುವ, ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿದೆ. ದುಡ್ಡು ಬೀಳುವುದಿಲ್ಲ. ಡಾಕ್ಟರನ್ನೂ ಕೇಳಿ 2 ಮಿ.ಗ್ರಾಂ. ನಿಕೋಟಿನ್ ಗಮ್ ತಂದುಕೊಂಡೆ. ಅದನ್ನು ಸ್ವಲ್ಪ ಅಗಿದು, ಚುರುಚುರು ಅಂದಾಗ ಕೆನ್ನೆಯ ಸಂದಿಗೆ ತಳ್ಳಿ ಬಿಡಬೇಕು. ಅದಕ್ಕೆ ಮುಂಚಿನ 15 ನಿಮಿಷ ಕಾಫಿ ಬೇಡ, ನನ್ನ ನಿಂಬೆ ಶುಂಠಿಯೂ ಬೇಡ. ಬಾಯಲ್ಲಿ ಹುಳಿ ಇದ್ದರೆ ಗಮ್ಮಿನ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ.