ದೇವಸ್ಥಾನದ ಕಾಲ ಗುರುತಿಸುವುದು ಹೇಗೆ: ಶಿಖರ ಬಿಡಿ, ಕಲ್ಲಿನಿಂದ ಶುರುಮಾಡಿ

ಕರ್ನಾಟಕದ ಹಳೆಯ ದೇವಸ್ಥಾನದ ಮುಂದೆ ನಿಂತರೆ ಕಣ್ಣು ಮೊದಲು ಹೋಗುವುದು ಶಿಖರಕ್ಕೆ. ಕಾಲ ಗುರುತಿಸಲು ಹೊರಟವರು ಎಡವುವುದೂ ಅಲ್ಲೇ. ಶಿಖರ ಬಿದ್ದು ಮತ್ತೆ ಕಟ್ಟಿದ್ದಿರಬಹುದು, ಒಂದೇ ಕಾಲದಲ್ಲಿ ಎರಡು ಬಗೆಯ ಶಿಖರಗಳು ಎದ್ದದ್ದೂ ಉಂಟು. ಪಟ್ಟದಕಲ್ಲಿನ ಗಳಗನಾಥನದು ಬಾಗುತ್ತ ಏರುವ ನಾಗರ ಶಿಖರ. ಅದೇ ಆವರಣದ ಸಂಗಮೇಶ್ವರನದು ಅಂತಸ್ತು ಅಂತಸ್ತಾಗಿ ಏರುವ ದ್ರಾವಿಡ ಶಿಖರ. ಎರಡೂ ಬಾದಾಮಿ ಚಾಲುಕ್ಯರ ಕಾಲದವು. ಆದ್ದರಿಂದ ಮೊದಲು ಕಲ್ಲು, ಆಮೇಲೆ ಕಂಬ, ಬುಡ, ಗೋಡೆ ನೋಡಿ. ಶಿಖರ ಕೊನೆಗಿರಲಿ.

ಕಲ್ಲು

ಕೆಂಪು ಅಥವಾ ಹೊಂಬಣ್ಣದ, ತರಿತರಿಯಾದ ಮರಳುಗಲ್ಲು ಮಲಪ್ರಭಾ ಕಣಿವೆಯಲ್ಲಿ ಕಂಡರೆ ಹೆಚ್ಚಾಗಿ ಅದು 6ರಿಂದ 8ನೇ ಶತಮಾನದ್ದು. ಬೂದು ಹಸಿರಿನ, ನುಣುಪಾದ ಬಳಪದ ಕಲ್ಲಾದರೆ 11ರಿಂದ 13ನೇ ಶತಮಾನ: ಉತ್ತರದಲ್ಲಿ ಕಲ್ಯಾಣ ಚಾಲುಕ್ಯರು, ದಕ್ಷಿಣದಲ್ಲಿ ಹೊಯ್ಸಳರು. ಒರಟು ಕಣಶಿಲೆ (ಗ್ರಾನೈಟ್), ದೊಡ್ಡ ದೊಡ್ಡ ಮಂಟಪಗಳು ಇದ್ದರೆ ವಿಜಯನಗರ ಎಂದು ಊಹಿಸಬಹುದು. ಆದರೆ ಅವಸರ ಬೇಡ. ಶ್ರವಣಬೆಳಗೊಳದ ಗೊಮ್ಮಟನೂ ಕಣಶಿಲೆಯೇ, ಅದು ಗಂಗರ ಕಾಲದ್ದು.

ಕಲ್ಲು ಬದಲಾದಾಗ ಶೈಲಿಯೂ ಬದಲಾಗುತ್ತದೆ. ಬಳಪದ ಕಲ್ಲು ಮೆತ್ತಗೆ, ಉಳಿ ಹೇಳಿದಂತೆ ಕೇಳುತ್ತದೆ. ಬೇಲೂರಿನ ಮದನಿಕೆಯರ ಮೈಮೇಲಿನ ಒಡವೆಯ ಸೂಕ್ಷ್ಮ ಕೆಲಸ ಸಾಧ್ಯವಾದದ್ದು ಅದರಿಂದ. ಕಣಶಿಲೆಯಲ್ಲಿ ಅಷ್ಟು ನಯ ತರುವುದು ಬಲು ಕಷ್ಟ. ಹಾಗಾಗಿ ಹಂಪಿಯ ಶಿಲ್ಪಿಗಳು ಗಾತ್ರಕ್ಕೆ, ಸಾಲು ಕಂಬಗಳಿಗೆ ಒತ್ತು ಕೊಟ್ಟರು. ಗೋಪುರದ ಮೇಲ್ಭಾಗಕ್ಕೆ ಇಟ್ಟಿಗೆ, ಗಾರೆ ಬಳಸಿದರು.

ಕಂಬ

ಮಂಟಪದೊಳಗೆ ಹೋಗಿ ಟಾರ್ಚನ್ನು ಕಂಬದ ಪಕ್ಕದಿಂದ, ಓರೆಯಾಗಿ ಹಿಡಿಯಿರಿ. ನೇರವಾಗಿ ಬಿಟ್ಟರೆ ಗೆರೆಗಳು ಕಾಣುವುದಿಲ್ಲ. ದಪ್ಪನೆಯ ಚೌಕ ಕಂಬ, ಅದರ ಮೇಲೆ ಪದಕದಂಥ ವೃತ್ತ ಅಥವಾ ಅರ್ಧ ತಾವರೆ ಇದ್ದರೆ ಬಾದಾಮಿ ಚಾಲುಕ್ಯರ ಕಡೆಗೆ ವಾಲಿ. ಗಂಟೆಯಾಕಾರದ ನಡು, ಅದರ ಸುತ್ತ ಬಳೆ ತೊಡಿಸಿದಂತೆ ಸಮನಾದ ಗೆರೆಗಳು ಕಂಡರೆ ಅದು ತಿರುಗಣೆಯಲ್ಲಿ ಕಡೆದ ಕಂಬ, ಅಂದರೆ ಕಲ್ಯಾಣ ಚಾಲುಕ್ಯ ಅಥವಾ ಹೊಯ್ಸಳ. ಹಿಂಗಾಲ ಮೇಲೆ ಎದ್ದು ನಿಂತ ಯಾಳಿ (ಸಿಂಹದಂಥ ಕಲ್ಪನೆಯ ಪ್ರಾಣಿ), ಬೆನ್ನ ಮೇಲೆ ಸವಾರ ಇದ್ದರೆ ವಿಜಯನಗರ.

ಕಲ್ಯಾಣ ಚಾಲುಕ್ಯರೋ, ಹೊಯ್ಸಳರೋ?

ಅತಿ ಕಷ್ಟದ ಭಾಗ ಇದು, ಅತಿ ಸೊಗಸಾದದ್ದೂ ಇದೇ. ಎರಡಕ್ಕೂ ಕಲ್ಲು ಒಂದೇ ಬಗೆಯದು, ಕಂಬ ಒಂದೇ ಬಗೆಯದು. ಶಿಲ್ಪಿಗಳೂ ಅತ್ತಿಂದಿತ್ತ ಬಂದವರೇ: ಬೇಲೂರಿನಲ್ಲಿ ಕೆಲಸ ಮಾಡಿದ ದಾಸೋಜ ಕಲ್ಯಾಣ ಚಾಲುಕ್ಯರ ನಾಡಿನ ಬಳ್ಳಿಗಾವೆಯವನು.

ಗೋಡೆಯಿಂದ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ. ಕಲ್ಯಾಣ ಚಾಲುಕ್ಯರ ಕಾಲದ ಇಟಗಿಯ ಮಹಾದೇವ ದೇವಾಲಯದಲ್ಲಿ (1112) ಗೋಡೆಯನ್ನು ಆಳುವುದು ಅರೆಗಂಬಗಳು, ಪುಟಾಣಿ ಶಿಖರಗಳು. ಹೊಯ್ಸಳರ ಹಳೇಬೀಡಿನಲ್ಲಾದರೆ ದೇವತೆಗಳ ಮೂರ್ತಿಗಳೇ ಗೋಡೆಯನ್ನು ತುಂಬಿಕೊಂಡಿವೆ. ಈಗ ಹತ್ತಿರ ಹೋಗಿ ಬುಡದ ಪಟ್ಟಿಕೆಗಳನ್ನು, ಅಂದರೆ ಸಾಲಾಗಿ ಕೆತ್ತಿದ ಅಡ್ಡ ಪಟ್ಟಿಗಳನ್ನು, ಕೆಳಗಿನಿಂದ ಎಣಿಸಿ. ಹೊಯ್ಸಳರ ಸೋಮನಾಥಪುರದಲ್ಲಿ (1258) ಆರು: ಆನೆ, ಕುದುರೆ ಸವಾರರು, ಬಳ್ಳಿ, ಪುರಾಣ ಕಥೆ, ಮಕರ, ಹಂಸ. ಹಳೇಬೀಡಿನಲ್ಲಿ ಎಂಟು: ಆನೆಯ ಮೇಲೆ ಸಿಂಹದ ಸಾಲು ಬರುತ್ತದೆ, ಬಳ್ಳಿ ಎರಡು ಸಲ ಬರುತ್ತದೆ. ಕಥೆಯ ಪಟ್ಟಿಕೆಯನ್ನು ಪ್ರದಕ್ಷಿಣೆಯ ದಿಕ್ಕಿನಲ್ಲಿ ನಡೆಯುತ್ತ ಓದಿ. ತಿರುಗಿ ಹೋದರೆ ಕಥೆಯೂ ತಿರುಗುಮುರುಗು.

ಹೊಯ್ಸಳರಲ್ಲೇ ಹಳತು, ಹೊಸತು ಬೇರೆ ಮಾಡಲು ಗೋಡೆಯ ಸೂರು ಎಣಿಸಿ. ಹಳೆಯ ಕ್ರಮದಲ್ಲಿ ಸೂರು ಒಂದೇ, ಬುಡದಲ್ಲಿ ಪಟ್ಟಿಕೆಯ ಬದಲು ಅಚ್ಚುಗಟ್ಟಾದ ಅಡ್ಡ ಅಂಚುಗಳು. ಸೋಮನಾಥಪುರದಂಥ ಹೊಸ ಕ್ರಮದಲ್ಲಿ ಸೂರು ಎರಡು, ಅವುಗಳ ನಡುವೆ ಪುಟಾಣಿ ಶಿಖರಗಳು.

ಎಲ್ಲಿ ತಪ್ಪುತ್ತದೆ

ಸರಳವಾಗಿ ಕಂಡದ್ದೆಲ್ಲ ಹಳೆಯದಲ್ಲ. ಐಹೊಳೆಯ ಲಾಡಖಾನ್ ಗುಡಿಯನ್ನು ಅದರ ಒರಟುತನ ನೋಡಿಯೇ ಬಹುಕಾಲ 5ನೇ ಶತಮಾನದ್ದು ಎಂದುಕೊಂಡಿದ್ದರು. ಆಮೇಲಿನ ವಿದ್ವಾಂಸರು ಅದನ್ನು 7-8ನೇ ಶತಮಾನಕ್ಕೆ ತಂದರು.

ಗರ್ಭಗುಡಿಯ ಮೇಲಿನದು ಶಿಖರ, ಹೆಬ್ಬಾಗಿಲ ಮೇಲಿನದು ಗೋಪುರ. ಮಾತಿನಲ್ಲಿ ಎರಡಕ್ಕೂ ಗೋಪುರ ಎಂದುಬಿಡುತ್ತೇವೆ. ಬೇಲೂರಿನ ಗುಡಿ ವಿಷ್ಣುವರ್ಧನನದು, 1117ರದ್ದು. ಮುಂದಿನ ಎತ್ತರದ ಗೋಪುರ ವಿಜಯನಗರ ಕಾಲದ್ದು. ಗೋಪುರ ನೋಡಿ ಗುಡಿಗೆ ಕಾಲ ಹಚ್ಚಿದರೆ ಶತಮಾನಗಳೇ ತಪ್ಪುತ್ತವೆ.

ಎರಡು ಕಾಲ ಒಂದೇ ಕಟ್ಟಡದಲ್ಲಿ ಬೆರೆತಿರುವುದೂ ಉಂಟು. ಶೃಂಗೇರಿಯ ವಿದ್ಯಾಶಂಕರ ಗುಡಿಯ ಬುಡದ ಪಟ್ಟಿಕೆಗಳು ಹೊಯ್ಸಳ ಎನ್ನುತ್ತವೆ, ಮಂಟಪದ ಯಾಳಿ ಕಂಬಗಳು ವಿಜಯನಗರ ಎನ್ನುತ್ತವೆ. ಇಂಥಲ್ಲಿ ಈಚಿನ ಲಕ್ಷಣದ ಮಾತು ನಂಬಿ: ಹಳೆಯ ರೂಢಿ ಮುಂದಿನ ಕಾಲಕ್ಕೂ ಉಳಿದು ಬರುತ್ತದೆ, ಮುಂದೆ ಹುಟ್ಟುವ ರೂಢಿ ಹಿಂದೆ ಇರಲಾರದು. ಆದರೆ ಆ ಭಾಗ ಆಮೇಲೆ ಸೇರಿಸಿದ್ದಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಕಲ್ಲಿನ ಬಣ್ಣ ಬದಲಾದ ಕಡೆ, ಅಂಚಿನ ಗೆರೆ ತಟ್ಟನೆ ತುಂಡಾದ ಕಡೆ ಬೆಸುಗೆ ಹುಡುಕಿ.

ಶಾಸನವಿದ್ದರೆ

ಕ್ರಿಸ್ತ ಶಕದ ವರ್ಷ ತಿಳಿಯಲು ಶಾಸನದ ಶಕ ವರ್ಷಕ್ಕೆ 78 ಕೂಡಿಸಿ; ತಿಂಗಳು ಮಾಘವೋ ಫಾಲ್ಗುಣವೋ ಆಗಿದ್ದರೆ 79. ಬಾದಾಮಿಯ ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನದ ಶಕ 500 ಎಂದರೆ 578. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿಯ ಶಕ 556 ಎಂದರೆ 634. ಲೆಕ್ಕ ಹಾಕಿದ ಮೇಲೆ ಕ್ರಿಯಾಪದ ಹುಡುಕಿ. ‘ಮಾಡಿಸಿದಂ’ ಎಂದಿದ್ದರೆ ಕಟ್ಟಿಸಿದ ಕಾಲ. ‘ಬಿಟ್ಟ ದತ್ತಿ’ ಎಂದಿದ್ದರೆ ಗುಡಿ ಅದಕ್ಕೂ ಮುಂಚೆಯೇ ಇದ್ದಿರಬಹುದು. ಆಗ ಮತ್ತೆ ಕಂಬದ ಬಳಿಗೆ ಹೋಗಿ.